ಹಕ್ಕಿ ಎಣಿಸಿದರೆ ಸಾಲದು, ಅಳಿವೆಯನ್ನೂ ನೋಡಬೇಕು

ಜನವರಿಯಲ್ಲಿ ಒಂದು ವಾರ ರಜೆ ಹಾಕಿ ಪುಲಿಕಾಟ್ ಸರೋವರದ ದಂಡೆಯಲ್ಲಿ ಹಕ್ಕಿ ನೋಡುತ್ತ ಕಳೆದೆ. ಚೆನ್ನೈಗೆ ಬಂದು ಒಂಬತ್ತು ವರ್ಷವಾದರೂ ಇಲ್ಲಿಗೆ ಬೆಳಿಗ್ಗೆ ಬಂದು ಸಂಜೆ ಮರಳಿದ್ದೇ ಹೆಚ್ಚು. ಈ ಸಲ ನಾಲ್ಕು ದಿನ ಆಂಧ್ರದ ಸೂಳ್ಳೂರುಪೇಟೆಯಲ್ಲಿ, ಮೂರು ದಿನ ತಮಿಳುನಾಡಿನ ಪಳವೇರ್ಕಾಡಿನಲ್ಲಿ ಉಳಿದೆ. ಬಂದರು ವಿಸ್ತರಣೆ, ಅಭಯಾರಣ್ಯದ ಗಡಿ, ಪ್ರವಾಸೋದ್ಯಮ ಎಂದು ಈ ಸರೋವರದ ಸುತ್ತ ನಡೆದಿರುವ ಚರ್ಚೆಗಳೆಲ್ಲ ನಕ್ಷೆಯ ಗೆರೆಗಳ ಮೇಲೆಯೇ ಸುತ್ತುತ್ತಿವೆ. ಆದರೆ ಸರೋವರ ಬದುಕಿರುವುದು ಅದರ ಅಳಿವೆಯಿಂದ. ಕುಮಟಾ ಕಡೆಯವನಾದ ನನಗೆ ಅಳಿವೆ ಎಂದರೆ ಒಳನಾಡಿನ ನೀರೂ ಸಮುದ್ರವೂ ಸೇರುವ ಬಾಯಿ.

ಚಿಲಿಕಾ ಬಿಟ್ಟರೆ ದೇಶದ ಎರಡನೇ ಅತಿದೊಡ್ಡ ಉಪ್ಪುನೀರಿನ ಸರೋವರ ಪುಲಿಕಾಟ್. ಬಹುಭಾಗ ಆಂಧ್ರಕ್ಕೆ ಸೇರಿದೆ, ದಕ್ಷಿಣದ ತುದಿ ತಮಿಳುನಾಡಿಗೆ. ಸಮುದ್ರಕ್ಕೂ ಇದಕ್ಕೂ ನಡುವೆ ಇಸ್ರೋದ ಉಡಾವಣಾ ಕೇಂದ್ರವಿರುವ ಶ್ರೀಹರಿಕೋಟಾ ದ್ವೀಪವಿದೆ. ಸರಾಸರಿ ಆಳ ಒಂದು ಮೀಟರಿನಷ್ಟು. ಹಕ್ಕಿಗಳಿಗೆ ಬೇಕಾಗಿರುವುದೂ ಅಷ್ಟೇ.

ಸೂಳ್ಳೂರುಪೇಟೆಯಿಂದ ಶ್ರೀಹರಿಕೋಟಾಕ್ಕೆ ಹೋಗುವ ರಸ್ತೆ ಸರೋವರವನ್ನು ಸೀಳಿಕೊಂಡೇ ಹೋಗುತ್ತದೆ. ಬೆಳಿಗ್ಗೆ ಆರೂವರೆಗೆ ಅಲ್ಲಿ ನಿಂತರೆ ದೂರದಲ್ಲಿ ರಾಜಹಂಸಗಳ ಸಾಲು ಕಾಣುತ್ತದೆ. ತಲೆಕೆಳಗಾಗಿ ಕೊಕ್ಕು ಅದ್ದಿ, ನೀರು ಸೋಸಿ, ಸಣ್ಣ ಜೀವಿಗಳನ್ನು ತಿನ್ನುತ್ತವೆ. ಕೆಸರಿನ ಅಂಚಿನಲ್ಲಿ ಗಿಡ್ಡ ಕೊಕ್ಕಿನ ಪುಟ್ಟ ಗೊರವಗಳು ಮೇಲ್ಪದರ ಕುಕ್ಕಿದರೆ, ಉದ್ದ ಕೊಕ್ಕಿನ ಗಾಡ್ವಿಟ್‌ಗಳು ಆಳಕ್ಕೆ ಚುಚ್ಚುತ್ತವೆ. ನೇಲಪಟ್ಟಿನ ಮರಗಳ ಮೇಲೆ ಗೂಡು ಕಟ್ಟಿರುವ ಹೆಜ್ಜಾರ್ಲೆಗಳು ಮೀನಿಗಾಗಿ ಇಲ್ಲಿಗೇ ಬರುತ್ತವೆ. ನೀರು ಒಂದಡಿ ಏರಿದರೆ ಗೊರವಗಳಿಗೆ ಊಟವಿಲ್ಲ, ಪೂರ್ತಿ ಒಣಗಿದರೆ ಯಾರಿಗೂ ಇಲ್ಲ.

ಈ ಲೆಕ್ಕವನ್ನು ಕಾಯುವುದು ಅಳಿವೆ. ಹಿಂಗಾರಿನಲ್ಲಿ ನದಿಗಳ ನೀರು ಹೊರಗೆ ಹೋಗಲು, ಉಳಿದ ತಿಂಗಳುಗಳಲ್ಲಿ ಸಮುದ್ರದ ಉಬ್ಬರ ಒಳಗೆ ಬರಲು ಇದೇ ದಾರಿ. ಸೀಗಡಿ, ಮೀನಿನ ಮರಿಗಳೂ ಇಲ್ಲಿಂದಲೇ ಒಳಬರುತ್ತವೆ. ಮರಳು ತುಂಬಿ ಬಾಯಿ ಕಟ್ಟಿದರೆ ಬೇಸಿಗೆಯಲ್ಲಿ ನೀರು ಇಂಗಿ ಉಪ್ಪು ಏರುತ್ತದೆ.

ಪಳವೇರ್ಕಾಡಿನ ಮೀನುಗಾರರು ಹಿಂದಿನಿಂದಲೂ 'ಪಾಡು' ಎಂಬ ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ಅಳಿವೆಯ ಹತ್ತಿರದ ಒಳ್ಳೆಯ ಜಾಗಗಳಲ್ಲಿ ಇಂಥ ದಿನ ಇಂಥವರು ಬಲೆ ಹಾಕಬೇಕೆಂದು ಸರದಿ ಹಂಚಿಕೊಳ್ಳುತ್ತಾರೆ. ನನ್ನನ್ನು ದೋಣಿಯಲ್ಲಿ ಕರೆದೊಯ್ದ ಹಿರಿಯರಿಗೆ, 'ಅಣ್ಣಾ, ಸರದಿಗಾಗಿ ಜಗಳ ಆಗುವುದಿಲ್ಲವೇ?' ಎಂದು ಕೇಳಿದೆ. 'ಆಗುತ್ತೆ, ಕೂತು ಬಗೆಹರಿಸ್ತೀವಿ. ಬಾಯೇ ಮುಚ್ಚಿಹೋದರೆ ಸರದಿ ಯಾರದಾದರೇನು ತಂಬಿ?' ಎಂದರು.

ಅವರ ಆತಂಕಕ್ಕೆ ಕಾರಣವಿದೆ. ದಕ್ಷಿಣಕ್ಕಿರುವ ಕಾಟ್ಟುಪಳ್ಳಿ ಬಂದರನ್ನು 330 ಎಕರೆಯಿಂದ 6,110 ಎಕರೆಗೆ ವಿಸ್ತರಿಸುವ ಪ್ರಸ್ತಾವ ವರ್ಷಗಳಿಂದ ಇದೆ. 2021ರ ಜನವರಿ ಮತ್ತು 2023ರ ಸೆಪ್ಟೆಂಬರ್‌ನಲ್ಲಿ ನಿಗದಿಯಾಗಿದ್ದ ಸಾರ್ವಜನಿಕ ಅಹವಾಲು ಸಭೆಗಳು ಮುಂದಕ್ಕೆ ಹೋದವು. ಈ ಕರಾವಳಿಯಲ್ಲಿ ಅಲೆಗಳು ಮರಳನ್ನು ಒಟ್ಟಾರೆ ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ಸಮುದ್ರಕ್ಕೆ ಚಾಚಿದ ತಡೆಗೋಡೆ ಕಟ್ಟಿದರೆ ಮರಳು ದಕ್ಷಿಣದಲ್ಲಿ ಶೇಖರವಾಗಿ, ಉತ್ತರದ ದಂಡೆ ಕೊರೆಯುತ್ತದೆ. ಚೆನ್ನೈ ಬಂದರಿನ ಉತ್ತರಕ್ಕಿರುವ ರಾಯಪುರಂ ಇದನ್ನು ಅನುಭವಿಸಿದೆ. ಕಾಟ್ಟುಪಳ್ಳಿಯ ಉತ್ತರಕ್ಕಿರುವುದು ಪುಲಿಕಾಟ್ ಅಳಿವೆ. ಹಾಗಾಗಿ ಬಂದರಿನ ಬೇಲಿಗೂ ಅಭಯಾರಣ್ಯಕ್ಕೂ ಎಷ್ಟು ಕಿಲೋಮೀಟರ್ ಎಂಬ ವಾದ ಅರ್ಧ ಸತ್ಯ ಮಾತ್ರ. ಮರಳಿಗೆ ಬೇಲಿ ಗೊತ್ತಿಲ್ಲ.

ಬಂದರೇ ಬೇಡ ಎಂದು ಹೇಳುವ ಹಕ್ಕು ನನಗಿದೆಯೇ ಎಂದೂ ಯೋಚಿಸಿದೆ. ನನ್ನ ಕಚೇರಿಯ ಎಸಿಗೆ ಬೇಕಾದ ವಿದ್ಯುತ್ತಿನಲ್ಲಿ ಎಣ್ಣೂರಿನ ಸ್ಥಾವರಗಳ ಪಾಲೂ ಇದೆ. ಆದರೆ ನಷ್ಟ ಹೊರುವವರು ಯಾರೆಂಬುದು ಮೊದಲೇ ಲೆಕ್ಕಕ್ಕೆ ಬರಬೇಕು. ಮೀನುಗಾರರಿಗೆ ಬಂದರಿನಲ್ಲಿ ಕೆಲಸ ಕೊಡುವ ಭರವಸೆ, ಸರದಿ ಹಂಚಿಕೊಂಡು ಬದುಕುವ ಇಡೀ ಊರಿನ ಆದಾಯಕ್ಕೆ ಸಮವಲ್ಲ.

ದಾರಿ ತೋರಿಸುವ ಉದಾಹರಣೆ ನಮ್ಮಲ್ಲೇ ಇದೆ. ಹೂಳು ತುಂಬಿ, ಉಪ್ಪಿನಂಶ ಕುಸಿದು, ಕಳೆ ಹಬ್ಬಿ, 1993ರಲ್ಲಿ ಚಿಲಿಕಾ ಅಪಾಯದಲ್ಲಿರುವ ರಾಮ್ಸರ್ ತಾಣಗಳ ಪಟ್ಟಿ ಸೇರಿತ್ತು. ಚಿಲಿಕಾ ಅಭಿವೃದ್ಧಿ ಪ್ರಾಧಿಕಾರ ಅಧ್ಯಯನ ಮಾಡಿಸಿ 2000ದ ಸೆಪ್ಟೆಂಬರ್‌ನಲ್ಲಿ ಹೊಸ ಅಳಿವೆ ತೆರೆಯಿತು. ಉಪ್ಪು-ಸಿಹಿನೀರಿನ ಹದ ಮರಳಿತು, ಮೀನು ಹೆಚ್ಚಿತು, 2002ರಲ್ಲಿ ಚಿಲಿಕಾ ಆ ಪಟ್ಟಿಯಿಂದ ಹೊರಬಂತು. ಅಲ್ಲಿ ಒಂದೇ ರಾಜ್ಯ, ಒಂದೇ ಪ್ರಾಧಿಕಾರ. ಪುಲಿಕಾಟ್‌ನಲ್ಲಿ ಒಂದು ರಾಜ್ಯ ಫ್ಲೆಮಿಂಗೊ ಉತ್ಸವ ನಡೆಸುತ್ತದೆ, ಇನ್ನೊಂದು ರಾಜ್ಯ ತನ್ನ ಅಳಿವೆಗೆ ಕಲ್ಲಿನ ಗೋಡೆ ಕಟ್ಟುತ್ತದೆ. ನೀರು ಮಾತ್ರ ಒಂದೇ.

ಎರಡೂ ರಾಜ್ಯಗಳ ಜಂಟಿ ಪ್ರಾಧಿಕಾರ, ಅದರಲ್ಲಿ ಮೀನುಗಾರರಿಗೆ ಸ್ಥಾನ, ಪ್ರತಿ ತಿಂಗಳು ಅಳಿವೆಯ ಆಳ ಮತ್ತು ಉಪ್ಪಿನಂಶದ ಬಹಿರಂಗ ದಾಖಲೆ, ಇಷ್ಟಾದರೂ ಬೇಕು. ಪ್ರತಿ ಜನವರಿ ಏಷ್ಯಾದ ನೀರುಹಕ್ಕಿಗಳ ಗಣತಿಯಲ್ಲಿ ನಾವು ಹಕ್ಕಿ ಎಣಿಸುತ್ತೇವೆ. ಅವು ಬರುವ ಬಾಗಿಲ ಸ್ಥಿತಿಯೂ ಅಷ್ಟೇ ಸುಲಭವಾಗಿ ಜನರ ಕೈಗೆ ಸಿಗಬೇಕು.

ಇದು ನಮ್ಮೂರಿನ ಮಾತೂ ಹೌದು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಯಿತು. ಅಲ್ಲಿ ಬೆಳಚು ಹೆಕ್ಕುವ ಹೆಂಗಸರೂ, ಗಜನಿಯಲ್ಲಿ ಕಗ್ಗ ಬೆಳೆಯುವವರೂ ಇದೇ ಉಬ್ಬರ-ಇಳಿತವನ್ನು ನಂಬಿದ್ದಾರೆ. ಅದೇ ಅಳಿವೆಯ ತದಡಿಗೆ ಹಿಂದೆ ವಿದ್ಯುತ್ ಸ್ಥಾವರದ, ಆಮೇಲೆ ಬಂದರಿನ ಪ್ರಸ್ತಾವ ಬಂದದ್ದು ನೆನಪಿದೆ. ಹೊನ್ನಾವರದ ಕಾಸರಕೋಡು, ಅಂಕೋಲೆಯ ಕೇಣಿಗಳಲ್ಲಿ ಬಂದರಿನ ವಿರುದ್ಧ ಮೀನುಗಾರರು ಬೀದಿಗಿಳಿದಿದ್ದಾರೆ. ಊರಿಗೆ ಫೋನ್ ಮಾಡಿದಾಗ ಬಂದರು ಬರುತ್ತದೆಯೇ ಎಂದಷ್ಟೇ ಕೇಳುತ್ತಿದ್ದೆ. ಇನ್ನು ಮೇಲೆ ಅಳಿವೆ ಹೇಗಿದೆ ಎಂದೂ ಕೇಳುತ್ತೇನೆ.