ಕಪ್ಪು ಪಟ್ಟಿ ಎಳೆದರೆ ಪಿಡಿಎಫ್‌ನಲ್ಲಿನ ಅಕ್ಷರ ಅಳಿಸಿಹೋಗುತ್ತದೆಯೇ?

ಬಾಡಿಗೆ ಮನೆಗೋ ಹೊಸ ಕೆಲಸಕ್ಕೋ ಗುರುತಿನ ಚೀಟಿಯ ಪಿಡಿಎಫ್ ಕಳಿಸುವಾಗ, ಅದರಲ್ಲಿನ ಸಂಖ್ಯೆಯ ಮೇಲೆ ಒಂದು ಕಪ್ಪು ಪಟ್ಟಿ ಎಳೆದು ಕಳಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಕಾಗದಕ್ಕೆ ಮಸಿ ಬಳಿದಂತೆ ಇಲ್ಲಿಯೂ ಅಕ್ಷರ ಮುಚ್ಚಿಹೋಯಿತು ಎಂಬುದು ನಂಬಿಕೆ. ಆದರೆ ಬಹಳ ಸಲ ಅದು ಹೋಗಿರುವುದೇ ಇಲ್ಲ.

ಪಿಡಿಎಫ್ ಪುಟವನ್ನು ನಾವು ಒಂದು ಚಿತ್ರವೆಂದುಕೊಳ್ಳುತ್ತೇವೆ. ನಿಜಕ್ಕೂ ಅದು ಆದೇಶಗಳ ಸಾಲು: ಇಲ್ಲಿ ಈ ಅಕ್ಷರ ಬರೆ, ಅಲ್ಲಿ ಚೌಕ ಎಳೆದು ಬಣ್ಣ ತುಂಬು. ತಂತ್ರಾಂಶ ಇವನ್ನು ಕ್ರಮವಾಗಿ ಪಾಲಿಸುತ್ತದೆ. ನಂತರ ಬಂದದ್ದು ಮೊದಲಿನದರ ಮೇಲೆ ಕೂರುತ್ತದೆ. ಹಳೆಯ ಪೋಸ್ಟರಿನ ಮೇಲೆ ಹೊಸದನ್ನು ಅಂಟಿಸಿದಂತೆ. ಕೆಳಗಿನದು ಕಾಣದು, ಆದರೆ ಇರುತ್ತದೆ.

ಈ ಗುಣ ದೋಷವೇನಲ್ಲ, ಬಹಳ ಉಪಯೋಗಕ್ಕೆ ಬರುತ್ತದೆ. ಸಾವಿರಾರು ಪುಟಗಳ ಮೇಲೆ ಸಂಸ್ಥೆಯ ಲಾಂಛನ ಅಥವಾ 'ನಕಲು' ಎಂಬ ಮುದ್ರೆ ಹಾಕಬೇಕಾದರೆ, ಕ್ಯುಪಿಡಿಎಫ್, ಪೈಪಿಡಿಎಫ್‌ನಂತಹ ಸಾಧನಗಳು ಮುದ್ರೆಯ ಪುಟದ ಆದೇಶಗಳನ್ನು ಮೂಲ ಪುಟದ ಆದೇಶಗಳ ಜೊತೆ ಸೇರಿಸಿಬಿಡುತ್ತವೆ. ಒಂದು ಅಂಗುಲಕ್ಕೆ 72 ಅಂಶಗಳ ಲೆಕ್ಕ. ಎ4 ಹಾಳೆ ಸುಮಾರು 595 × 842. ಅಡ್ಡವಾಗಿ ಸ್ಕ್ಯಾನ್ ಆದ ಪುಟದಲ್ಲಿ ಕೆಲವೊಮ್ಮೆ 'ತೋರಿಸುವಾಗ ತಿರುಗಿಸು' ಎಂಬ ಸೂಚನೆಯಷ್ಟೇ ಇರುತ್ತದೆ. ಅದನ್ನು ಗಮನಿಸದ ಪ್ರೋಗ್ರಾಂ ಹಾಕಿದ ಮುದ್ರೆ ಮಗ್ಗುಲಾಗಿ ಮಲಗಿರುತ್ತದೆ.

ತೊಂದರೆ ಬರುವುದು ಪದರ ಸೇರಿಸುವುದನ್ನೇ ಅಳಿಸುವುದೆಂದು ತಿಳಿದಾಗ. 2019ರ ಜನವರಿಯಲ್ಲಿ, ಡೊನಾಲ್ಡ್ ಟ್ರಂಪ್ ಅವರ ಚುನಾವಣಾ ಪ್ರಚಾರವನ್ನು ನಡೆಸಿದ್ದ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಅಮೆರಿಕದ ನ್ಯಾಯಾಲಯಕ್ಕೆ ಒಂದು ದಾಖಲೆ ಸಲ್ಲಿಸಿದರು. ಗುಟ್ಟಿನ ಸಾಲುಗಳ ಮೇಲೆ ಕಪ್ಪು ಪಟ್ಟಿಗಳಿದ್ದವು. ಪತ್ರಕರ್ತರು ಆ ಭಾಗವನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರು, ಎಲ್ಲವೂ ಓದಲು ಸಿಕ್ಕಿತು. ಹ್ಯಾಕಿಂಗ್ ಏನೂ ಬೇಕಾಗಲಿಲ್ಲ. 2009ರಲ್ಲಿ ಅಲ್ಲಿನ ವಿಮಾನ ನಿಲ್ದಾಣಗಳ ತಪಾಸಣಾ ಕೈಪಿಡಿಗೂ ಇದೇ ಗತಿಯಾಗಿತ್ತು.

ಸ್ಕ್ಯಾನ್ ಮಾಡಿದ್ದಾದರೆ ಕ್ಷೇಮವೇ? ಅದನ್ನೂ ಹೇಳಲಾಗದು. ಅಕ್ಷರ ಗುರುತಿಸುವ ತಂತ್ರಾಂಶವು ಪುಟದ ಚಿತ್ರದ ಜೊತೆಗೆ ಕಣ್ಣಿಗೆ ಕಾಣದ ಪಠ್ಯದ ಪದರವೊಂದನ್ನು ಇಟ್ಟಿರಬಹುದು. ಹುಡುಕಾಟ ಕೆಲಸ ಮಾಡುವುದು ಅದರಿಂದಲೇ. ಚಿತ್ರಕ್ಕೆ ಮಸಿ ಬಳಿದರೂ ಆ ಪದರ ಉಳಿಯುತ್ತದೆ. ಇನ್ನು ಕೆಲವು ತಂತ್ರಾಂಶಗಳು ಉಳಿಸುವಾಗ ಬದಲಾವಣೆಯನ್ನಷ್ಟೇ ಕಡತದ ಕೊನೆಗೆ ಸೇರಿಸುತ್ತವೆ, ಹಳೆಯ ರೂಪ ಒಳಗೇ ಇರುತ್ತದೆ. ಹಳೆಯ ಕನ್ನಡ ಫಾಂಟುಗಳ ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಬರುವುದನ್ನು ನೀವು ನೋಡಿರಬಹುದು. ಅದನ್ನು ರಕ್ಷಣೆ ಎಂದುಕೊಳ್ಳಬೇಡಿ, ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ.

ಆಧಾರ್ ಆದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ 'ಮಾಸ್ಕ್ಡ್' ಪ್ರತಿಯನ್ನು ಪ್ರಾಧಿಕಾರದ ತಾಣದಿಂದಲೇ ಇಳಿಸಿಕೊಳ್ಳಬಹುದು. ಬೇರೆ ದಾಖಲೆಗಳಿಗೆ, ಪಠ್ಯವನ್ನು ಕಡತದಿಂದಲೇ ತೆಗೆಯುವ 'ರಿಡಾಕ್ಟ್' ಸೌಲಭ್ಯ ಬಳಸಿ. ಅದಿಲ್ಲವೇ? ಪೂರ್ತಿ ಕಪ್ಪಾದ ಪಟ್ಟಿ ಎಳೆದು, ಪುಟವನ್ನು ಮುದ್ರಿಸಿ, ಆ ಕಾಗದವನ್ನು ಮತ್ತೆ ಸ್ಕ್ಯಾನ್ ಮಾಡಿ ಕಳಿಸಿ. ಸ್ವಲ್ಪ ಹಳೆಯ ಕಾಲದ ಉಪಾಯ, ಆದರೆ ಮುದ್ರಿತ ಕಾಗದದಲ್ಲಿ ಪಟ್ಟಿಯ ಕೆಳಗೆ ಅಕ್ಷರವೇ ಇರುವುದಿಲ್ಲ.