ಪರದೇಶದಲ್ಲಿ ಮಗುವಿನ ವರ್ಧಂತಿ

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳೂ ಮೊಮ್ಮಕ್ಕಳೂ ಈಗ ಸಮುದ್ರದಾಚೆ ನೆಲೆಸಿರುವರು. ಅಲ್ಲಿಯೂ ಮಗುವಿಗೆ ವರ್ಷ ತುಂಬುತ್ತದೆ. ಆದರೆ ಹಸೆ ಬರೆಯಲು ಅಜ್ಜಿಯಿಲ್ಲ, ಆರತಿ ಎತ್ತಲು ಸೋದರತ್ತೆಯಿಲ್ಲ. ದುಡಿದು ದಣಿದು ಬಂದ ತಾಯಿತಂದೆಗಳಿಬ್ಬರೇ ಎಲ್ಲವನ್ನೂ ನಡೆಸಬೇಕು. ಇಂತಹ ಮನೆಗಳಲ್ಲಿ ವರ್ಧಂತಿಯನ್ನು ಆಚರಿಸುವ ಬಗೆ ಯಾವುದೆಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಮೊದಲನೆಯ ತೊಡಕು ದಿನದ್ದು. ಹಿರಿಯರು ತಿಥಿಯನ್ನೋ ಜನ್ಮನಕ್ಷತ್ರವನ್ನೋ ಹಿಡಿಯುವರು. ಮಗುವಿನ ಶಾಲೆಯವರು ತಾರೀಖನ್ನು ಹಿಡಿಯುವರು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳಾದುದರಿಂದ ತಿಥಿಯು ವರ್ಷಕ್ಕೆ 11 ದಿನಗಳಷ್ಟು ಹಿಂದೆ ಸರಿಯುತ್ತದೆ. ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತದೆ. ಎರಡೂ ಹೆಚ್ಚುಕಡಮೆ ಒಂದುಗೂಡುವುದು 19 ವರ್ಷಗಳಿಗೊಮ್ಮೆ. ಇದರ ಮೇಲೆ ದೇಶಾಂತರದ ಗೊಂದಲ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಜನವರಿ 5ರ ರಾತ್ರಿ 8 ಗಂಟೆಗೆ ಹುಟ್ಟಿದ ಮಗುವು ಬೆಂಗಳೂರಿನ ಗಡಿಯಾರದಂತೆ 6ರ ಬೆಳಗ್ಗೆ ಒಂಬತ್ತೂವರೆಗೆ ಹುಟ್ಟಿತು. ಆ ಕ್ಷಣದಲ್ಲಿ ಚಂದ್ರನಿದ್ದ ನಕ್ಷತ್ರವು ಲೋಕಕ್ಕೆಲ್ಲ ಒಂದೇ, ಜನ್ಮನಕ್ಷತ್ರ ಬದಲಾಗದು. ಆದರೆ ದಿನದ ತಿಥಿಯನ್ನು ಆಯಾ ಊರಿನ ಸೂರ್ಯೋದಯದಿಂದ ನಿಶ್ಚಯಿಸುವುದು ವಾಡಿಕೆಯಾದ ಕಾರಣ, ಇಲ್ಲಿಯ ಪಂಚಾಂಗವನ್ನು ನೋಡಿ ಅಲ್ಲಿಯ ದಿನವನ್ನು ಹೇಳಿದರೆ ಒಂದು ದಿನ ತಪ್ಪುವ ಸಂಭವವುಂಟು. ಅಲ್ಲಿಯ ಊರಿಗೆ ಗಣಿಸಿದ ಪಂಚಾಂಗವನ್ನೇ ನೋಡತಕ್ಕದ್ದು.

ಈ ವಿಷಯದಲ್ಲಿ ಮನಸ್ತಾಪಕ್ಕೆ ಎಡೆಗೊಡಲಾಗದು. “ತಿಥಿಯ ದಿನ ಏಕೆ ಮಾಡಲಿಲ್ಲ?” ಎಂದು ಅತ್ತೆಯವರು ದೂರದಿಂದ ಆಕ್ಷೇಪಿಸುವುದೂ, ಸೊಸೆ ಮರುದಿನದಿಂದ ದೂರವಾಣಿಯನ್ನೇ ಎತ್ತದಿರುವುದೂ ಮಗುವಿಗೆ ಶ್ರೇಯಸ್ಕರವಲ್ಲ. ತಿಥಿಯ ದಿನ ಬೆಳಗ್ಗೆ ಎಣ್ಣೆನೀರು, ದೇವರ ದೀಪ, ನಮಸ್ಕಾರ, ಒಂದು ಸಿಹಿ, ಇಷ್ಟಾದರೆ ಸಾಕು. ಗೆಳೆಯರ ಕೂಟವನ್ನು ತಾರೀಖಿಗೆ ಸಮೀಪದ ಶನಿವಾರ ಇಟ್ಟುಕೊಳ್ಳಲಿ. ಬೇಸಗೆಯಲ್ಲಿ ಕ್ಯಾಲಿಫೋರ್ನಿಯಾದ ಶನಿವಾರ ಸಂಜೆ ಆರು ಗಂಟೆಯೆಂದರೆ ನಮ್ಮಲ್ಲಿ ಭಾನುವಾರ ಬೆಳಗಿನ ಆರೂವರೆ. ಅಜ್ಜ ಅಜ್ಜಿಯರು ಎದ್ದು ಕಾಫಿ ಮುಗಿಸಿರುವ ಹೊತ್ತು. ಮುಖ ನೋಡಿ ಹರಸಲು ಇದಕ್ಕಿಂತ ಒಳ್ಳೆಯ ವೇಳೆಯಿಲ್ಲ.

ಇನ್ನು ಅಡಿಗೆಯ ಮಾತು. ವರ್ಧಂತಿಯ ಪಾಯಸಕ್ಕೆಂದು ಊರಿನಿಂದ ಗಸಗಸೆಯನ್ನು ಕಟ್ಟಿ ಕಳುಹಿಸುವ ತಾಯಂದಿರು ಒಂದು ವಿಷಯವನ್ನು ತಿಳಿದಿರಬೇಕು. ಗಸಗಸೆಯು ಅಫೀಮಿನ ಗಿಡದ ಬೀಜವಾದುದರಿಂದ ದುಬೈ ಮೊದಲಾದ ಅರಬ ಸಂಸ್ಥಾನಗಳಲ್ಲಿಯೂ ಸಿಂಗಾಪುರದಲ್ಲಿಯೂ ಅದನ್ನು ಒಯ್ಯುವುದು ನಿಷಿದ್ಧ. ಅಲ್ಲಿಗೆ ಹೊರಟವರ ಪೆಟ್ಟಿಗೆಯಲ್ಲಿ ಅದನ್ನು ಇಡಲೇಕೂಡದು; ಶಾವಿಗೆ ಪಾಯಸದಿಂದ ಹಬ್ಬಕ್ಕೆ ಕುಂದಿಲ್ಲ. ಶಾಲೆಗೆ ಸಿಹಿ ಹಂಚುವಲ್ಲಿಯೂ ಎಚ್ಚರ ಬೇಕು. ಕೆಲವು ಮಕ್ಕಳಿಗೆ ಕಡಲೆಕಾಯಿ, ಗೋಡಂಬಿಗಳು ಒಗ್ಗದೆ ಪ್ರಾಣಾಪಾಯವೇ ಆಗಬಹುದಾದುದರಿಂದ ಅಲ್ಲಿಯ ಅನೇಕ ಶಾಲೆಗಳು ಅವನ್ನು ತರಗೊಡುವುದಿಲ್ಲ. ಮೊದಲು ಉಪಾಧ್ಯಾಯಿನಿಯರನ್ನು ಕೇಳಿ, ಬಳಿಕ ಡಬ್ಬಿ ಕಟ್ಟುವುದು ವಿಹಿತ.

ಆರತಿಯ ವಿಚಾರವೂ ಹೀಗೆಯೇ. ಅಲ್ಲಿಯ ಮನೆಗಳ ಮೇಲ್ಛಾವಣಿಯಲ್ಲಿ ಹೊಗೆ ತಾಕಿದೊಡನೆ ಕೂಗುವ ಯಂತ್ರವಿರುತ್ತದೆ. ಕರ್ಪೂರ, ಸಾಂಬ್ರಾಣಿಗಳಿಂದ ಅದು ಅರಚಿ ನೆರೆಯವರನ್ನು ಗಾಬರಿಪಡಿಸಬಹುದು. ಅರಿಸಿನ ಸುಣ್ಣ ಕದಡಿದ ಕೆಂಪು ನೀರಿನ ಆರತಿಗೆ ಬೆಂಕಿಯೂ ಬೇಡ, ಹೊಗೆಯೂ ಇಲ್ಲ. ನಮ್ಮ ಹಿರಿಯರ ಈ ಪದ್ಧತಿ ಪರದೇಶಕ್ಕೆಂದೇ ಹೇಳಿ ಮಾಡಿಸಿದಂತಿದೆ. ಕೇಕಿನ ಮೇಲೆ ಮೇಣದ ಬತ್ತಿ ಹಚ್ಚುವ ರೂಢಿಯಾದರೋ 18ನೆಯ ಶತಮಾನದಲ್ಲಿಯೇ ಜರ್ಮನಿಯಲ್ಲಿದ್ದಿತು. ದೀಪ ಆರಿಸು ಎನ್ನಲೂ ಹಿಂಜರಿಯುವ ನಮ್ಮ ಅಜ್ಜಿಯರಿಗೆ ಬತ್ತಿಯನ್ನು ಊದುವುದು ಹಿತವಾಗದಿರುವುದು ಸಹಜ. ಆದರೆ ಜೊತೆಗಾರರೆಲ್ಲ ಮಾಡುವುದನ್ನು ತನಗೆ ಮಾತ್ರ ಬೇಡವೆಂದರೆ ಮಗುವಿನ ಮನಸ್ಸು ನೋಯುತ್ತದೆ. ಆ ನೋವು ಕಡೆಗೆ ನಮ್ಮ ಆಚಾರದ ಮೇಲೆಯೇ ತಿರುಗೀತು. ದೇವರ ಮುಂದಿನ ನಂದಾದೀಪ ಉರಿಯುತ್ತಿರಲಿ, ಮಗು ತನ್ನ ಬತ್ತಿಯನ್ನು ಊದಲಿ.

ಇವೆಲ್ಲಕ್ಕಿಂತ ಮಿಗಿಲಾದ ವಿಷಯವೊಂದುಂಟು. ಅಜ್ಜಿ “ದೀರ್ಘಾಯುಷ್ಯವಾಗಲಿ, ಕಂದ” ಎಂದು ಹರಸಿದಾಗ ಮಗುವು ತಾಯಿಯ ಮುಖವನ್ನು ನೋಡಿ, ಅವರು ಏನೆಂದರೆಂದು ಇಂಗ್ಲಿಷಿನಲ್ಲಿ ಕೇಳುವಂತಾದರೆ ಹಸೆ ಆರತಿಗಳಿಂದ ಏನು ಬಂತು? ಭಾಷೆ ಹೋದ ಮೇಲೆ ಬಾಂಧವ್ಯವು ಪರದೆಯ ಮೇಲಿನ ಚಿತ್ರವಾಗಿಯೇ ಉಳಿಯುತ್ತದೆ. ಆದುದರಿಂದ ಆಟದ ಸಾಮಾನುಗಳ ಜೊತೆಗೆ ಇನ್ನೊಂದು ಉಡುಗೊರೆಯನ್ನು ನಾವು ಸೂಚಿಸುತ್ತೇವೆ. ಪ್ರತಿ ವರ್ಧಂತಿಗೂ ಅಜ್ಜನೋ ಅಜ್ಜಿಯೋ ತಮ್ಮ ಕೈಬರಹದಲ್ಲಿ ಒಂದು ಪುಟದ ಪತ್ರವನ್ನು ಬರೆಯಲಿ: ಮಗು ಹುಟ್ಟಿದ ಸುದ್ದಿ ಮನೆಗೆ ಬಂದ ಬಗೆ, ಅದರ ತಾಯಿ ಚಿಕ್ಕಂದಿನಲ್ಲಿ ಮಾಡಿದ ತುಂಟತನ, ಹಿತ್ತಲಿನ ಮಾವಿನ ಮರ, ಇಂತಹವು. ತಾಯಿ ಅದನ್ನು ಓದಿ ಹೇಳಲಿ. ಮುಂದೆ ಮಗುವೇ ಓದಲೆಂದು ಅಕ್ಷರ ಕಲಿಸಲಿ. ವರ್ಷಕ್ಕೊಂದರಂತೆ ಅವು ಪೆಟ್ಟಿಗೆಯಲ್ಲಿ ಸೇರುತ್ತಿರಲಿ. ಬರೆದ ಕೈ ಒಂದು ದಿನ ಇಲ್ಲವಾದಾಗಲೂ ಆ ಮಗುವಿಗೆ ಅಜ್ಜಿಯ ಹರಕೆ ತನ್ನ ಮಾತಿನಲ್ಲಿಯೇ ದೊರೆಯುವುದು. ಇದಕ್ಕೆ ಬೇಕಾದುದು ಒಂದು ಹಾಳೆ, ಒಂದು ಗಳಿಗೆಯ ಬಿಡುವು. ಮುಂದಿನ ವರ್ಧಂತಿಗೆ ಇನ್ನೂ ಕಾಲವಿದ್ದರೂ ಪತ್ರವನ್ನು ಇಂದೇ ತೊಡಗುವುದು ಒಳ್ಳೆಯದು.