ಐತಿ ಅಂದರೆ ಕುಣಿತೀರಿ, ಮಾತಾಡಿದರೆ ನಗತೀರಿ

2018ರ ಮೇ ತಿಂಗಳಲ್ಲಿ ತೆರೆಗೆ ಬಂದ ‘ರ‍್ಯಾಂಬೊ 2’ ಸಿನಿಮಾ ಇವತ್ತು ಎಷ್ಟು ಜನಕ್ಕೆ ನೆನಪಿದೆಯೋ ನಾ ಕಾಣೆ. ಅದರ ಒಂದು ಹಾಡು ಮಾತ್ರ ಸಿನಿಮಾವನ್ನು ಅಲ್ಲೇ ಬಿಟ್ಟು ತಾನು ಮುಂದೆ ನಡೆದುಬಿಟ್ಟಿತು. ‘ಚುಟು ಚುಟು ಅಂತೈತಿ’. ಬರೆದವರು ಶಿವು ಬೇರ್ಗಿ, ಸಂಗೀತ ಅರ್ಜುನ್ ಜನ್ಯ, ಹಾಡಿದವರು ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್, ಕುಣಿದವರು ಶರಣ್ ಮತ್ತು ಆಶಿಕಾ ರಂಗನಾಥ್. ಯೂಟ್ಯೂಬಿನಲ್ಲಿ ಅದು 10 ಕೋಟಿ ವೀಕ್ಷಣೆ ದಾಟಿದಾಗ ಪತ್ರಿಕೆಗಳಿಗೆ ಅದೇ ಸುದ್ದಿ. ಸಿನಿಮಾ ಪುಟದವರು ಸಂಖ್ಯೆ ಎಣಿಸಿದರು. ಸಾಹಿತ್ಯದವರು ಮೂಗು ಮುರಿದರು. ಹಾಡನ್ನು ಹಾಡೆಂದು ಕೂತು ಕೇಳಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಈ ಎರಡೂ ಪಂಗಡದ ಜೊತೆ ನನಗೆ ಜಗಳವಿದೆ. ಮೂಗು ಮುರಿದವರ ಜೊತೆಗಿನ ಜಗಳ ಹಳೆಯದು, ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ರೋಣ ತಾಲ್ಲೂಕಿನವಳು. ದೊಡ್ಡನೆಕ್ಕುಂದಿಗೆ ಬಂದು ಹನ್ನೆರಡು ವರ್ಷವಾಯಿತು. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೆಲಸ, ವಾರಕ್ಕೊಮ್ಮೆ ಊರಿನ ಮಾತಿಗಾಗಿ ಅವ್ವನಿಗೆ ಫೋನು. ಸಾಹಿತ್ಯ ಓದುವ ನನ್ನ ಗೆಳೆಯರ ಬಳಗದಲ್ಲಿ ಈ ಹಾಡಿನ ಮಾತೆತ್ತಿದರೆ ಎರಡು ತಕರಾರು ತಪ್ಪದೇ ಬರುತ್ತವೆ. ಒಂದು, ಇದರಲ್ಲಿ ಸಾಹಿತ್ಯ ಎಲ್ಲಿದೆ, ಬರೀ ಸದ್ದು. ಇನ್ನೊಂದು, ಇದು ಪೋಲಿ ಹಾಡು.

ಬರೀ ಸದ್ದು ಎಂಬ ಮಾತನ್ನೇ ತೆಗೆದುಕೊಳ್ಳಿ. ಕನ್ನಡಕ್ಕೆ ಸದ್ದಿನ ಪದಗಳು ದಾರಿಯಲ್ಲಿ ಬಿದ್ದು ಸಿಕ್ಕವಲ್ಲ. ಅವು ಎಷ್ಟು ಮುಖ್ಯವೆಂದರೆ ಕೇಶಿರಾಜ ತನ್ನ ವ್ಯಾಕರಣದಲ್ಲಿ ಅನುಕರಣ ಪದಗಳಿಗೆ ಜಾಗ ಮಾಡಿಕೊಟ್ಟಿದ್ದಾನೆ. ಧಗಧಗ, ಚುರುಚುರು, ಗುಳುಗುಳು, ಜುಮುಜುಮು. ಇವುಗಳಲ್ಲಿ ಕೆಲವು ಕಿವಿಗೆ ಕೇಳುವ ಸದ್ದೇ ಅಲ್ಲ, ಮೈಗೆ ಆಗುವ ಅನುಭವ. ಖಾರ ತಿಂದ ನಾಲಗೆಗೂ, ಹೊಸದಾಗಿ ಒಬ್ಬನನ್ನು ಮೆಚ್ಚಿದ ಎದೆಗೂ ಕನ್ನಡದವರು ಸದ್ದನ್ನೇ ಹುಡುಕಿ ಕೊಡುತ್ತಾರೆ. ‘ಚುಟು ಚುಟು’ ಆ ಜಾತಿಯ ಪದ. ಅದರ ಮುಂದೆ ‘ಅಂತೈತಿ’ ಇದೆ ನೋಡಿ, ಅಲ್ಲೇ ಹಾಡಿನ ಜೀವ. ‘ಅನ್ನುತ್ತಿದೆ’ ಎಂದು ತಿದ್ದಿ ಹಾಡಿ ನೋಡಿ. ತಾಳ ಕುಂಟುತ್ತದೆ, ಹುಡುಗ ಒಮ್ಮೆಗೇ ಕನ್ನಡ ಪಂಡಿತರ ಮಗನಾಗುತ್ತಾನೆ. ‘ಐತಿ’ ಎಂಬುದು ‘ಇದೆ’ ಎಂಬುದರ ಹಾಳಾದ ರೂಪವಲ್ಲ. ನಮ್ಮ ಕಡೆ ಅದೇ ಸರಿ ರೂಪ. ಬಡ್ಡಿ ಲೆಕ್ಕ ಹೇಳುವುದೂ ಅದರಲ್ಲೇ, ಸತ್ತ ಸುದ್ದಿ ಹೇಳುವುದೂ ಅದರಲ್ಲೇ, ಪ್ರೀತಿ ಹೇಳುವುದೂ ಅದರಲ್ಲೇ.

ಇದೇ ಬಳಗ ಬೇಂದ್ರೆಯವರ ಧಾರವಾಡ ಕನ್ನಡ ಕೇಳಿ ತಲೆದೂಗುತ್ತದೆ. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಕಂಠದಲ್ಲಿ ಕೇಳಿ ಕಣ್ಣು ಮುಚ್ಚುತ್ತದೆ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದ ಮೇಲಂತೂ ಬೆಂಗಳೂರಿನ ಮನೆಮನೆಯಲ್ಲಿ ಆ ಪದಗಳು. ಅಲ್ಲಿ ಅದೇ ಭಾಷೆಗೆ ಸೊಗಡು ಎಂದು ಹೆಸರು, ಇಲ್ಲಿ ಅದಕ್ಕೇ ಹಳ್ಳಿ ಗುಗ್ಗುತನ ಎಂದು ಹೆಸರು. ಬೇರ್ಗಿಯವರನ್ನು ಬೇಂದ್ರೆಯವರ ಪಕ್ಕ ಕೂರಿಸಿ ಎಂದು ನಾನು ಹೇಳುತ್ತಿಲ್ಲ, ಯಾರೂ ಹೇಳುವುದಿಲ್ಲ. ಭಾಷೆಯನ್ನು ಮೆಚ್ಚಲು ಜ್ಞಾನಪೀಠವೋ ಅನುಭಾವವೋ ಜಾಮೀನು ಬರಬೇಕು ಎಂಬ ಷರತ್ತನ್ನು ಕೇಳುತ್ತಿದ್ದೇನೆ. ಜಾಮೀನಿಲ್ಲದೆ ಬಂದ ‘ಐತಿ’ಯನ್ನು ಇವರು ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಪೋಲಿ ಎಂಬ ತಕರಾರಿಗೆ ಬಂದರೆ ನನಗೆ ನಗು ಬರುತ್ತದೆ. ಗಂಡು ಹೆಣ್ಣು ಎದುರುಬದುರು ನಿಂತು ಒಬ್ಬರನ್ನೊಬ್ಬರು ಮಾತಿನಲ್ಲಿ ಕೆಣಕುವುದು ಉತ್ತರ ಕರ್ನಾಟಕದ ಲಾವಣಿಗೆ ಹೊಸದೇನಲ್ಲ. ಹರದೇಸಿ-ನಾಗೇಸಿ ಎಂದರೆ ಅದೇ ಅಲ್ಲವೇ? ಹರದೇಸಿಯವರು ಗಂಡಿನ ಪರ, ನಾಗೇಸಿಯವರು ಹೆಣ್ಣಿನ ಪರ. ರಾತ್ರಿಯಿಡೀ ಸವಾಲು ಜವಾಬು. ಪುರಾಣದಿಂದ ಶುರುವಾದ ವಾದ ಅಡುಗೆಮನೆಗೆ ಬಂದು, ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ಕೋಳಿ ಕೂಗುವ ಹೊತ್ತಿಗೆ ಮತ್ತೆ ಶಿವ-ಶಕ್ತಿಗೆ ಬಂದು ನಿಲ್ಲುತ್ತದೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನರೂ ಅವರ ಒಡನಾಡಿಗಳೂ, ‘ಗರತಿಯ ಹಾಡು’ ಸಂಗ್ರಹಿಸಿದ್ದನ್ನು ನಾವೆಲ್ಲ ಪಠ್ಯದಲ್ಲಿ ಓದಿದ್ದೇವೆ. ಅವರೇ ಲಾವಣಿಗಳನ್ನೂ ‘ಜೀವನ ಸಂಗೀತ’ ಎಂದು ಪುಸ್ತಕ ಮಾಡಿದ್ದನ್ನು ಎಷ್ಟು ಜನ ಬಲ್ಲರು? ಗರತಿಗೆ ಸಿಕ್ಕ ಮರ್ಯಾದೆ ಲಾವಣಿಯವಳಿಗೆ ಸಿಗಲಿಲ್ಲ.

‘ಸಂಗ್ಯಾ ಬಾಳ್ಯಾ’ ಸಣ್ಣಾಟವೂ ಹೀಗೇ. ಬೈಲಹೊಂಗಲದ ಕಡೆ ನಡೆದ ಕೊಲೆಯೊಂದನ್ನು ಹಿಡಿದು ಪತ್ತಾರ ಮಾಸ್ತರರು ಕಟ್ಟಿದ ಆಟ ಅದು. ಪರರ ಹೆಂಡತಿಯ ಮೇಲೆ ಮನಸ್ಸಿಟ್ಟವನ ಕತೆಯೆಂದು ಮರ್ಯಾದಸ್ಥರು ಬಹಳ ಕಾಲ ದೂರ ಇಟ್ಟಿದ್ದರು. ಚಂದ್ರಶೇಖರ ಕಂಬಾರರಂಥವರು ಕೈಹಿಡಿದ ಮೇಲೆ ಅದು ವಿಶ್ವವಿದ್ಯಾಲಯಕ್ಕೆ ಬಂತು. ಆಟ ಬದಲಾಗಿರಲಿಲ್ಲ, ನೋಡುವವರು ಬದಲಾಗಿದ್ದರು. ‘ಚುಟು ಚುಟು’ ಇನ್ನೂ ನೂರು ವರ್ಷ ಕಾದರೆ ಇದರ ಮೇಲೂ ಯಾರೋ ಪಿಎಚ್‌ಡಿ ಮಾಡುತ್ತಾರೆ ಬಿಡಿ.

ಹಾಗಂತ ಆಕ್ಷೇಪಿಸಬೇಕಾದ ಹಾಡುಗಳೇ ಇಲ್ಲವೆಂದಲ್ಲ. 2020ರಲ್ಲಿ ‘ಪೊಗರು’ ಚಿತ್ರದ ‘ಕರಾಬು’ ಬಂತು. ಅದೂ ಕೋಟಿಗಟ್ಟಲೆ ಜನ ನೋಡಿದ ಹಾಡೇ. ನಾಯಕಿಯ ಮೇಲೆ ಏರಿ ಹೋಗುವ ನಾಯಕನ ಒರಟುತನವನ್ನೇ ಮೆರೆಸಿದ್ದಕ್ಕೆ ಅದು ಟೀಕೆಗೆ ಗುರಿಯಾಯಿತು, ಆ ಟೀಕೆ ನ್ಯಾಯವಾದದ್ದು. ‘ಚುಟು ಚುಟು’ವಿನಲ್ಲಿ ಹುಡುಗಿಗೂ ಬಾಯಿದೆ. ಅವನಷ್ಟೇ ಜೋರಾಗಿ ಅವಳೂ ಹಾಡುತ್ತಾಳೆ, ಅವನಷ್ಟೇ ಖುಷಿಯಲ್ಲಿ ಕುಣಿಯುತ್ತಾಳೆ. ಹೆಣ್ಣೊಬ್ಬಳು ತನಗೂ ಆಸೆಯಿದೆ ಎಂದು ಹಾಡಿದ್ದು ಪೋಲಿಯೆನಿಸಿ, ಬೇಡವೆಂದವಳ ಬೆನ್ನು ಹತ್ತಿದ್ದು ಬರೀ ಮಾಸ್ ಎನಿಸಿದರೆ ನಮ್ಮ ಕಿವಿಯಲ್ಲೇ ಏನೋ ಐಬಿದೆ.

ಹಾಡಿನಲ್ಲಿ ನನಗೂ ತಕರಾರುಗಳಿವೆ. ಸೊರಗಾವಿಯವರ ಗಂಟಲಿನಲ್ಲಿ ಬಯಲಿನ ಬಿಸಿಲಿದೆ, ಎತ್ತಿ ಹಾಡುವಾಗ ಜಾತ್ರೆಯ ಅಟ್ಟದ ಮೇಲೆ ನಿಂತಂತೆ ಕೇಳುತ್ತದೆ. ಅದರ ಕೆಳಗೆ ಓಡುವ ಬೀಟು ಮಾತ್ರ ಯಾವ ಊರಿನ ಪಬ್ಬಿಗೂ ಹೊಂದುವಂಥದ್ದು. ಹಲಗಿಯ ಪೆಟ್ಟು ಒಂದಕ್ಕೊಂದು ಸ್ವಲ್ಪ ಹೆಚ್ಚು ಕಮ್ಮಿ ಇರುತ್ತದೆ, ಅದರ ಗಮ್ಮತ್ತೇ ಅದು. ಕಂಪ್ಯೂಟರಿನ ಪೆಟ್ಟಿಗೆ ಆ ಉಸಿರಾಟ ಗೊತ್ತಿಲ್ಲ. ಇಂಥ ಮಾತುಗಳನ್ನು ಯಾರಾದರೂ ಬರೆದಿದ್ದರೆ ನಾನು ಜಗಳಕ್ಕೆ ಬರುತ್ತಿರಲಿಲ್ಲ. ಕೇಳಿ ಬೈದರೆ ಅದು ವಿಮರ್ಶೆ.

ಇನ್ನು ಸಂಖ್ಯೆ ಎಣಿಸಿದವರು. ಇವರ ಪ್ರಕಾರ 10 ಕೋಟಿ ಎಂದರೆ ಉತ್ತರ ಕರ್ನಾಟಕದ ಕನ್ನಡ ಗೆದ್ದಿತು ಎಂದರ್ಥ. ನಮ್ಮ ದೊಡ್ಡನೆಕ್ಕುಂದಿಯಲ್ಲಿ ನವೆಂಬರ್ ಬಂದರೆ ಅಪಾರ್ಟ್‌ಮೆಂಟಿಗೊಂದು ರಾಜ್ಯೋತ್ಸವ. ಬಾವುಟ, ಭುವನೇಶ್ವರಿಯ ಫೋಟೊ, ಒಂದು ಭಾವಗೀತೆ, ಮಕ್ಕಳ ಕಂಸಾಳೆ. ಕೊನೆಗೆ ಎಲ್ಲರೂ ಕಾಯುತ್ತಿದ್ದ ‘ಚುಟು ಚುಟು’. ತೆಲುಗಿನವರು, ಮಲಯಾಳದವರು, ಬಿಹಾರದವರು, ಹಳೆ ಮೈಸೂರಿನವರು ಎಲ್ಲ ಒಟ್ಟಿಗೆ. ಕನ್ನಡ ಬಾರದವರ ಬಾಯಲ್ಲೂ ‘ಅಂತೈತಿ’. ನೋಡಲು ನಿಜಕ್ಕೂ ಚಂದ, ನಾನೂ ಕುಣಿದಿದ್ದೇನೆ.

ಆದರೆ ಕುಣಿತ ಮುಗಿದ ಮರುದಿನ ಲಿಫ್ಟಿನಲ್ಲಿ ನಾನು ಅವ್ವನ ಜೊತೆ ಫೋನಿನಲ್ಲಿ ಮಾತಾಡಿದರೆ ಪಕ್ಕದವರಿಗೆ ಅದು ಕಾಮಿಡಿ. ‘ಹುಬ್ಳಿ ಭಾಷೆ ಒಂದ್ಸಲ ಮಾತಾಡಿ ಮೇಡಂ, ಕೇಳೋಕೆ ಮಜಾ ಇರುತ್ತೆ’ ಎಂದು ಆಫೀಸಿನಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಸಿನಿಮಾ ಕಲಿಸಿದ್ದೂ ಇದನ್ನೇ. ನಗಿಸಲು ಬೇಕಾದಾಗ, ಕುಣಿಸಲು ಬೇಕಾದಾಗ ‘ಐತಿ’. ನಾಯಕ ನ್ಯಾಯ ಕೇಳುವಾಗ, ತಾಯಿ ಸಾಯುವಾಗ ‘ಇದೆ’. ಆರಂಭದಿಂದ ಕೊನೆಯವರೆಗೆ ನಾಯಕ ನಮ್ಮ ಕಡೆಯ ಮಾತೇ ಆಡುವ ಜನಪ್ರಿಯ ಚಿತ್ರಗಳನ್ನು ಬೆರಳಿನಲ್ಲಿ ಎಣಿಸಬಹುದು. ಹೀಗಿರುವಾಗ ಗೆದ್ದದ್ದು ಯಾರು?

ಇನ್ನೂ ಕಟುವಾದ ಲೆಕ್ಕವೊಂದಿದೆ. ನಮ್ಮ ಕೆರೆಯ ಆಚೆಯಿಂದ ಮುನ್ನೇಕೊಳಾಲದವರೆಗೆ, ಅತ್ತ ಬೆಳ್ಳಂದೂರಿನವರೆಗೆ ತಗಡಿನ, ನೀಲಿ ತಾಡಪಾಲಿನ ಶೆಡ್ಡುಗಳಿವೆ. ಅಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರೂ ಇದ್ದಾರೆ. ನಾವು ವಾಸಿಸುವ ಗೋಡೆಗಳಿಗೆ ಸಿಮೆಂಟು ಹೊತ್ತವರು. 2020ರ ಜನವರಿಯಲ್ಲಿ, ಈ ಹಾಡು ಇನ್ನೂ ಊರ ತುಂಬ ಕೇಳುತ್ತಿದ್ದ ಕಾಲದಲ್ಲೇ, ಕರಿಯಮ್ಮನ ಅಗ್ರಹಾರದ ಶೆಡ್ಡುಗಳನ್ನು ಬಾಂಗ್ಲಾದೇಶದವರ ನೆಲೆಯೆಂಬ ಆರೋಪದ ಮೇಲೆ ಕೆಡವಿ ಹಾಕಿದರು. ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು. ವಿಷಯ ಹೈಕೋರ್ಟಿಗೆ ಹೋಗಿ, ಅಲ್ಲಿ ಪೊಲೀಸರು ಛೀಮಾರಿ ಹಾಕಿಸಿಕೊಂಡರು. ಬಾಯಿ ತೆರೆದರೆ ‘ಐತಿ’ ಎನ್ನುವವರು ತಾವು ಈ ನಾಡಿನವರೆಂದು ಕಾಗದ ತೋರಿಸಬೇಕಾಯಿತು. ಕೋಟಿಗಟ್ಟಲೆ ಸಲ ಆ ಮಾತು ಕೇಳಿದ ಊರು ಇದು.

ನಮ್ಮ ಮಾತಿನವರೇನೂ ಗಾಂಧಿನಗರದ ಅಪ್ಪಣೆಗೆ ಕಾಯುತ್ತಿಲ್ಲ ಎಂಬುದೊಂದೇ ಸಮಾಧಾನ. ನಮ್ಮ ಗೇಟಿನ ಸೆಕ್ಯೂರಿಟಿ ಹುಡುಗ ದೇವದುರ್ಗದ ಕಡೆಯವನು. ರಾತ್ರಿ ಪಾಳಿಯಲ್ಲಿ ಅವನ ಫೋನಿನಲ್ಲಿ ಓಡುವುದು ಜಾನಪದ ಡಿಜೆ ಹಾಡುಗಳು. ಮಾಳು ನಿಪನಾಳರ ‘ನಾ ಡ್ರೈವರ’ ನಮ್ಮಲ್ಲಿ ಬೇಸ್‌ಮೆಂಟಿನಿಂದ ಮೇಲೆ ಹತ್ತಿದ್ದು ಅವನ ಫೋನಿನಿಂದಲೇ. ಆ ಹಾಡುಗಳಲ್ಲಿ ಟ್ರ್ಯಾಕ್ಟರ್ ಇದೆ, ಜಾತ್ರೆ ಇದೆ, ಮುರಿದ ಪ್ರೀತಿ ಇದೆ. ಕೆಲವು ಕೆಟ್ಟದಾಗಿವೆ, ಕೆಲವು ಎದೆ ಹಿಂಡುತ್ತವೆ. ‘ಚುಟು ಚುಟು ಕೇಳಂಗಿಲ್ಲೇನಪ್ಪ’ ಎಂದು ಕೇಳಿದ್ದಕ್ಕೆ, ‘ಅದು ನಿಮ್ಮ ಪೈಕಿ ಹಾಡರಿ ಅಕ್ಕಾರ, ಮ್ಯಾಲಿನ ಮನಿಯವರದು’ ಎಂದ. ರೋಣದವಳಾದ ನನ್ನನ್ನೂ ಆ ಪೈಕಿಗೇ ಸೇರಿಸಿದ್ದ.

ಈ ಸಲದ ರಾಜ್ಯೋತ್ಸವದ ತಯಾರಿಗೆ ವಾಟ್ಸಾಪ್ ಗುಂಪು ಮಾಡಿದ್ದಾರೆ. ಹಾಡಿನ ಪಟ್ಟಿಯಲ್ಲಿ ‘ಚುಟು ಚುಟು’ ಯಥಾಪ್ರಕಾರ ಕೊನೆಯಲ್ಲಿದೆ. ನಾನು ಬರೆದೆ: ಹಾಡಿರಲಿ, ಜೊತೆಗೆ ನಿರೂಪಣೆಯೂ ಅದೇ ಕನ್ನಡದಲ್ಲಿ ಇರಲಿ, ನಮ್ಮ ಗೇಟಿನ ಹುಡುಗ ಚೆನ್ನಾಗಿ ಮಾತಾಡುತ್ತಾನೆ, ಅವನೇ ಮಾಡಲಿ. ನಗುವ ಮುಖಗಳು ನಾಲ್ಕು ಬಂದವು. ಆಮೇಲೆ ಸಮಿತಿಯ ಒಬ್ಬರು ಬರೆದರು: ‘ಮೇಡಂ, ಸ್ಟೇಜ್ ಮೇಲೆ ಸ್ವಲ್ಪ ಡೀಸೆಂಟ್ ಕನ್ನಡ ಇರಲಿ.’ ‘ಯಾಕ್ರಿ?’ ಎಂದು ಕೇಳಿದ್ದೇನೆ. ಎರಡು ನೀಲಿ ಗೀಟು ಬಿದ್ದಿವೆ, ಉತ್ತರ ಬಂದಿಲ್ಲ.